ಅಸೆಂಬ್ಲಿಯ ನಾಲಿಗೆ, ಕ್ಲಾಸಿನ ನಾಲಿಗೆ

ಸೇವೆ ಅಂದ ಕೂಡಲೇ ನಮಗೆ ನೆನಪಾಗೋದು ಪುಲ್ಪಿಟ್, ಮೈಕ್, ವರ್ಶಿಪ್ ಟೀಮ್. ಆದರೆ ರೋಮಾಪುರದವರಿಗೆ 12:7ರಲ್ಲಿ ಪೌಲನು ಬೋಧಿಸುವುದನ್ನೂ ಕೃಪಾವರಗಳ ಸಾಲಿನಲ್ಲೇ ಇಡುತ್ತಾನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸುವಾರ್ತೆ ಸಾರಿದ್ದಷ್ಟೇ ಅಲ್ಲ, ಶಾಲೆಗಳನ್ನೂ ತೆರೆದರು. ಕ್ರೈಸ್ತ ಶಾಲೆಯಲ್ಲಿ ಪಾಠ ಮಾಡೋದು ಬರೀ ಕೆಲಸವಲ್ಲ, ಅದೊಂದು ಕರೆ.

ಈ ಕರೆಯ ಜೊತೆಗೆ ಎಚ್ಚರಿಕೆಯೂ ಇದೆ. ಯಾಕೋಬ 3:1 ತೆಗೆದು ನೋಡಿ. ಬೋಧಕರಿಗೆ ಹೆಚ್ಚು ಕಠಿಣವಾದ ತೀರ್ಪು ಆಗುತ್ತದೆ ಅನ್ನುತ್ತಾನೆ. ಅದರ ಬೆನ್ನಿಗೇ ಯಾವುದರ ಬಗ್ಗೆ ಮಾತಾಡ್ತಾನೆ? ನಾಲಿಗೆಯ ಬಗ್ಗೆ!

ನಾನು ಎರಡು ವರ್ಷ ಒಂದು ಕ್ರೈಸ್ತ ಶಾಲೆಯಲ್ಲಿ ಗಣಿತ ಕಲಿಸಿದೆ. ಒಂದು ದಿನ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದೆ. ಮೂರನೇ ಪೀರಿಯಡ್‌ನಲ್ಲಿ, ಭಾಗಾಕಾರ ತಪ್ಪು ಮಾಡಿದ ಹುಡುಗನಿಗೆ ಎಲ್ಲರೆದುರು "ದಡ್ಡ" ಅಂದೆ. ಆ ರಾತ್ರಿ ಯಾಕೋಬ 3:9 ನನ್ನನ್ನು ಹಿಡಿದು ನಿಲ್ಲಿಸಿತು. ದೇವರನ್ನು ಕೊಂಡಾಡಿದ ನಾಲಿಗೆಯಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದವನನ್ನು ಹೀನೈಸಿದ್ದೆ. ಮರುದಿನ ಅದೇ ಕ್ಲಾಸಿನಲ್ಲಿ, ಎಲ್ಲರೆದುರೇ, ಅವನ ಕ್ಷಮೆ ಕೇಳಿದೆ. ಅವನು ಏನೂ ಹೇಳಲಿಲ್ಲ. ವಾರ ಕಳೆದ ಮೇಲೆ ನೋಟ್‌ಬುಕ್ ಹಿಡಿದು ಡೌಟ್ ಕೇಳೋಕೆ ತಾನೇ ಬಂದ.

ಟೀಚಿಂಗ್‌ಗೆ ಹೋಗಲಾ, ಐಟಿಗೆ ಹೋಗಲಾ ಅಂತ ಪ್ರಾರ್ಥಿಸುತ್ತಿರುವವರೇ, ಸಂಬಳದ ಲೆಕ್ಕ ಹಾಕೋ ಮೊದಲು ಇದನ್ನು ಕೇಳಿಕೊಳ್ಳಿ: ಕಲಿಯಲು ಕಷ್ಟಪಡುವ ಮಗು, ಅದು ಯಾವ ಮನೆಯದೇ ಆಗಲಿ, ನನ್ನ ಬಾಯಿಂದ ಏನು ಕೇಳಿಸಿಕೊಳ್ಳುತ್ತದೆ?

ಕರ್ತನು ನಮ್ಮ ನಾಲಿಗೆಯನ್ನು ಶುದ್ಧಮಾಡಲಿ. ಆಮೆನ್.