ಟಿಲ್ಲರಿನ ಎಂಜಿನ್: ಧೂಳು, ಎಣ್ಣೆ ಮತ್ತು ಗಂಟೆಯ ಲೆಕ್ಕ

ಟಿಲ್ಲರ್ ಇರುವ ಹೆಚ್ಚಿನ ಮನೆಗಳಲ್ಲಿ ಅದರ ಹೊರಮೈಗೆ ಒಳ್ಳೆಯ ಉಪಚಾರ. ಗದ್ದೆಯಿಂದ ಬಂದ ಕೂಡಲೇ ಪೈಪ್ ಹಿಡಿದು ತೊಳೆಯುತ್ತಾರೆ. ಎಂಜಿನಿನ ಒಳಗೆ ಏನು ಹೋಗುತ್ತದೆ ಎಂದು ನೋಡುವವರು ಮಾತ್ರ ಕಡಿಮೆ. ಮಣ್ಣು ಹೊರಗೆ ಅಂಟಿದ್ದರೆ ಎಂಜಿನಿಗೆ ಏನೂ ಆಗುವುದಿಲ್ಲ, ಒಳಗೆ ಹೋದರೆ ಮುಗಿಯಿತು.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ಟಿಲ್ಲರುಗಳು ಎರಡು. ಬೆಂಗಳೂರಿನ ವಿ.ಎಸ್.ಟಿ., ಕೇರಳದ ಕಾಮ್ಕೊ. ಒಂದರ ಮೂಲ ಜಪಾನಿನ ಮಿತ್ಸುಬಿಷಿ, ಇನ್ನೊಂದರದ್ದು ಕುಬೋಟ. ಎರಡೂ 12-13 ಅಶ್ವಶಕ್ತಿಯವು. ಒಂದೇ ಸಿಲಿಂಡರು, ಅದೂ ಅಡ್ಡ ಮಲಗಿದ್ದು, ನೀರಿನಿಂದ ತಂಪಾಗುವ ಡೀಸೆಲ್ ಎಂಜಿನ್. ಹಾಗಾಗಿ ಒಂದರ ಆರೈಕೆ ಗೊತ್ತಿದ್ದರೆ ಇನ್ನೊಂದರದ್ದೂ ಗೊತ್ತಾದ ಹಾಗೆ. ಅಳತೆಗಳಲ್ಲಿ ಸಣ್ಣ ವ್ಯತ್ಯಾಸ ಉಂಟು. ಅದಕ್ಕೆ ಯಂತ್ರದ ಜತೆ ಕೊಟ್ಟ ಪುಸ್ತಕ ನೋಡಿಕೊಳ್ಳಿ. ಅದನ್ನು ಅಟ್ಟಕ್ಕೆ ಹಾಕಿದ್ದರೆ ಇವತ್ತೇ ಇಳಿಸಿ.

ಮೊದಲು ಗಾಳಿಯ ವಿಚಾರ. ಈ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ಪ್ರತಿ ಸಲ ಅರ್ಧ ಲೀಟರಿಗಿಂತ ಹೆಚ್ಚು. ನಿಮಿಷಕ್ಕೆ 2000 ಸುತ್ತು ಎಂದು ಹಿಡಿಯಿರಿ. ಗಂಟೆಗೆ 30 ಸಾವಿರ ಲೀಟರಿಗೂ ಮೇಲೆ ಗಾಳಿ ಆಯಿತು. ಒಣ ಗದ್ದೆಯಲ್ಲಿ ರೋಟರಿ ಓಡಿಸುವಾಗ ನಮ್ಮ ಮೂಗಿಗೆ ಎಷ್ಟು ಧೂಳು ಬರುತ್ತದೆ ಎಂದು ನಮಗೇ ಗೊತ್ತು. ನಾವು ಬೈರಾಸು ಕಟ್ಟಿಕೊಳ್ಳುತ್ತೇವೆ. ಎಂಜಿನಿಗೆ ಇರುವ ಬೈರಾಸು ಏರ್ ಕ್ಲೀನರ್ ಒಂದೇ.

ಹೆಚ್ಚಿನ ಟಿಲ್ಲರುಗಳಲ್ಲಿ ಇದು ಎಣ್ಣೆಯ ಬಟ್ಟಲು ಇರುವಂಥದ್ದು. ಗಾಳಿ ಕೆಳಗಿಳಿದು ಎಣ್ಣೆಗೆ ತಾಗಿ ತಿರುಗಿ ಮೇಲೇರುತ್ತದೆ. ಭಾರದ ಧೂಳು ಎಣ್ಣೆಯಲ್ಲೇ ಉಳಿಯುತ್ತದೆ, ಉಳಿದದ್ದು ಮೇಲಿನ ಒದ್ದೆ ಜಾಲರಿಗೆ ಅಂಟುತ್ತದೆ. ಬಟ್ಟಲಿನಲ್ಲಿ ಗೀಟು ಹಾಕಿದ ಮಟ್ಟಕ್ಕೇ ಎಣ್ಣೆ ಇರಬೇಕು. ಕಡಿಮೆಯಾದರೆ ಧೂಳು ನೇರ ಒಳಗೆ. ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದು ಉರಿಸಲು ಹೊರಡುತ್ತದೆ. ಆಗ ಎಕ್ಸಲೇಟರ್ ಇಳಿಸಿದರೂ ಓಟ ನಿಲ್ಲದೆ ಗಾಬರಿಯಾದೀತು.

ಕೆಸರು ಗದ್ದೆಯ ಕೆಲಸಕ್ಕೆ ವಾರಕ್ಕೊಮ್ಮೆ ಬಟ್ಟಲು ಬಿಚ್ಚಿ ನೋಡಿದರೆ ಸಾಕು. ಸುಗ್ಗಿ ಕೊಯ್ದ ಮೇಲಿನ ಒಣ ಉಳುಮೆಗೆ, ಟ್ರೈಲರ್ ಕಟ್ಟಿ ಮಣ್ಣು ರಸ್ತೆಯಲ್ಲಿ ಓಡಿಸುವುದಕ್ಕೆ ಆದರೆ ದಿನಾ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ಎಣ್ಣೆ ಚೆಲ್ಲಿ, ಬಟ್ಟಲು ಮತ್ತು ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು, ಜಾಲರಿಯ ಡೀಸೆಲ್ ಪೂರ್ತಿ ಇಳಿದ ಮೇಲೆ ಹೊಸ ಎಂಜಿನ್ ಆಯಿಲ್ ಹಾಕಿ. ಕೆಲವು ಹೊಸ ಮಾದರಿಗಳಲ್ಲಿ ಕಾಗದದ ಫಿಲ್ಟರ್ ಉಂಟು. ಅದನ್ನು ಡೀಸೆಲಿನಲ್ಲಿ ತೊಳೆಯಬಾರದು. ಮೆಲ್ಲ ತಟ್ಟಿ ಧೂಳು ಉದುರಿಸಿ, ಹಾಳಾದರೆ ಬದಲಿಸಿ.

ಕ್ಲೀನರ್ ಚೆನ್ನಾಗಿದ್ದು ಅದರಿಂದ ಎಂಜಿನಿಗೆ ಹೋಗುವ ದಾರಿಯಲ್ಲಿ ಸಂದು ಬಿಟ್ಟಿದ್ದರೆ ಎಲ್ಲ ದಂಡ. ನಾನು ಮಾಡುವ ಪರೀಕ್ಷೆ ಹೀಗೆ: ಎಂಜಿನನ್ನು ನಿಧಾನ ಓಟದಲ್ಲಿಟ್ಟು ಕ್ಲೀನರಿನ ಬಾಯಿಗೆ ಸಣ್ಣ ಹಲಗೆ ಒತ್ತಿ ಹಿಡಿಯುವುದು. ಉಸಿರು ಕಟ್ಟಿ ಎಂಜಿನ್ ನಿಲ್ಲಬೇಕು. ನಿಲ್ಲದೆ ಓಡುತ್ತಾ ಇದ್ದರೆ ಬೇರೆಲ್ಲಿಂದಲೋ ಗಾಳಿ ಕದಿಯುತ್ತಿದೆ ಎಂದರ್ಥ. ಗ್ಯಾಸ್ಕೆಟ್, ರಬ್ಬರ್, ಬೋಲ್ಟು ನೋಡಿ.

ನಮ್ಮ ಊರಲ್ಲೇ ಬಾಡಿಗೆಗೆ ಓಡುತ್ತಿದ್ದ ಒಂದು ಟಿಲ್ಲರ್ ಎರಡನೇ ಏಣೇಲಿಗೇ ಮಲಗಿತು. ಹ್ಯಾಂಡಲ್ ತಿರುಗಿಸಿದರೆ ಬಿಗಿಯೇ ಇಲ್ಲ, ಉಸಿರುಕೊಳವೆಯಲ್ಲಿ ಬುಸುಬುಸು ಹೊಗೆ. ಬಿಚ್ಚಿದಾಗ ಲೈನರಿಗೆ ಉಗುರು ಸಿಕ್ಕುವಷ್ಟು ಮೆಟ್ಟಿಲು ಬಿದ್ದಿತ್ತು. ಕ್ಲೀನರಿನ ಬಟ್ಟಲು ಒಣಗಿ ಅದರಲ್ಲಿ ಗಟ್ಟಿ ಮಣ್ಣು. ಲೈನರ್, ಪಿಸ್ಟನ್, ರಿಂಗ್ ಎಲ್ಲ ಹೊಸತು ಹಾಕಬೇಕಾಯಿತು. ಅದಕ್ಕಿಂತ ದೊಡ್ಡ ಪೆಟ್ಟು, ನೇಜಿ ಬಲಿಯುತ್ತಿದ್ದ ನಾಲ್ಕೈದು ಮನೆಯವರು ಬೇರೆ ಟಿಲ್ಲರ್ ಹುಡುಕಿ ಅಲೆದದ್ದು. ಲೆಕ್ಕ ಹಾಕಿದರೆ ತಪ್ಪಿದ್ದು ಒಂದು ಕುಡ್ತೆ ಎಣ್ಣೆ.

ಇನ್ನು ಎಂಜಿನಿನ ಒಳಗಿನ ಎಣ್ಣೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು, ಸಮತಟ್ಟು ನೆಲದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು. ಮೂತಿ ಕೆಳಗೆ ಬಾಗಿ ನಿಂತ ಟಿಲ್ಲರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಕಡಿಮೆಯಾದದ್ದನ್ನು ಎಲ್ಲರೂ ಗಮನಿಸುತ್ತಾರೆ, ಮಟ್ಟ ಏರಿದ್ದನ್ನು ಗಮನಿಸುವವರು ಇಲ್ಲ. ಹಾಕದೆ ಏರಿದ್ದರೆ ಡೀಸೆಲೋ ನೀರೋ ಸೇರುತ್ತಿದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು. ಆ ಮೇಲೆ ಒಂದು ಗಂಟೆಯೂ ಓಡಿಸಬೇಡಿ.

ಹೊಸ ಎಂಜಿನಿನ ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು. ಸವೆದು ಹೊಂದಿಕೊಳ್ಳುವಾಗಿನ ಲೋಹದ ಪುಡಿ ಅದರಲ್ಲಿ ಇರುತ್ತದೆ. ಆಮೇಲೆ ನಾನು 100 ಗಂಟೆಗೆ ಒಮ್ಮೆ ಬದಲಿಸುತ್ತೇನೆ. ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಹಾಗೆ ಮಾಡಿ. ಹಿಡಿಯುವುದು ಎರಡೂವರೆ ಲೀಟರಿನ ಆಸುಪಾಸು. ಕೆಲಸ ಮುಗಿಸಿ ಬಂದು ಎಂಜಿನ್ ಬಿಸಿ ಇರುವಾಗಲೇ ಇಳಿಸಿ, ಕೊಳೆ ಎಣ್ಣೆಯ ಜತೆ ಇಳಿಯುತ್ತದೆ. ತಣಿದ ಮೇಲೆ ಇಳಿಸಿದರೆ ತೆಳು ಎಣ್ಣೆ ಹೋಗಿ ಕೊಳೆ ತಳದಲ್ಲೇ ಉಳಿದೀತು. ಆಯಿಲ್ ಫಿಲ್ಟರನ್ನೂ ಅದೇ ಹೊತ್ತಿಗೆ ತೊಳೆಯಿರಿ. ಇಳಿಸಿದ ಹಳೆ ಎಣ್ಣೆಯನ್ನು ತೋಡಿನ ಬದಿಗೆ ಚೆಲ್ಲುವವರಿದ್ದಾರೆ. ಅದೇ ತೋಡಿನ ನೀರು ನಾಳೆ ನಮ್ಮ ತೋಟಕ್ಕೆ ಬರುವುದು. ಕ್ಯಾನಿನಲ್ಲಿ ತುಂಬಿಸಿಟ್ಟು ಹಳೆ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಟ್ಟರಾಯಿತು.

100 ಗಂಟೆ ಆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಗಂಟೆ ತೋರಿಸುವ ಮೀಟರ್ ಇಲ್ಲದಿದ್ದರೆ ಟಿಲ್ಲರ್ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿಸಿ. ದಿನದ ಗಂಟೆ ಅದೇ ದಿನದ ಚೌಕದಲ್ಲಿ ಬರೆಯಿರಿ. ಡ್ರೈವರ್ ಬೇರೆಯಾದರೂ ಲೆಕ್ಕ ತಪ್ಪುವುದಿಲ್ಲ. ಬಾಡಿಗೆ ವಸೂಲಿಗೂ ಇದೇ ದಾಖಲೆ ಆಗುತ್ತದೆ.

ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿಡುವುದು ಒಳ್ಳೆಯದು. ಮಳೆಗಾಲದ ರಾತ್ರಿ ಖಾಲಿ ಟ್ಯಾಂಕಿನ ಒಳಗೋಡೆಗೆ ನೀರು ಬೆವರುತ್ತದೆ. ಅದು ಪಂಪಿಗೂ ನಾಝಲಿಗೂ ಶತ್ರು. ಫಿಲ್ಟರಿನ ತಳದ ಕಪ್ಪಿನಲ್ಲಿ ನೀರು ಕಂಡರೆ ಇಳಿಸಿ. ಫಿಲ್ಟರ್ ಬಿಚ್ಚಿದ ಮೇಲೆ ಎಂಜಿನ್ ಚಾಲೂ ಆಗದಿದ್ದರೆ ಹೆಚ್ಚಿನ ಸಲ ಕಾರಣ ಕೊಳವೆಯಲ್ಲಿ ಸಿಕ್ಕಿದ ಗಾಳಿ. ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕಾದು ಬಿಗಿಯಿರಿ. ನಾಝಲ್ ಮತ್ತು ಪಂಪನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ವಾಲ್ವಿನ ಸಂದು ಕೂಡ ಫೀಲರ್ ಗೇಜು ಹಿಡಿಯಲು ಬಲ್ಲವರು ನೋಡಲಿ.

ಹೊಗೆ ನೋಡಿಯೂ ಕೆಲವು ಹೇಳಬಹುದು. ಕಪ್ಪು ಹೊಗೆ ಬಂದರೆ ಭಾರ ಹೆಚ್ಚಾಗಿದೆ ಅಥವಾ ಕ್ಲೀನರ್ ಕಟ್ಟಿದೆ. ನೀಲಿ ಬಂದರೆ ಎಣ್ಣೆ ಉರಿಯುತ್ತಿದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಬಂದರೆ ಚಿಂತೆ ಇಲ್ಲ, ಬಿಸಿಯಾದ ಮೇಲೂ ಬರುತ್ತಿದ್ದರೆ ತೋರಿಸಬೇಕು.

ರೇಡಿಯೇಟರಿಗೆ ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಬಾವಿಯ ಮೆದು ನೀರು ವಾಸಿ. ಕೂಲೆ ಗದ್ದೆ ಉಳುವಾಗ ಬೈಹುಲ್ಲಿನ ಚೂರು ಜಾಲರಿಗೆ ಅಂಟಿ ಗಾಳಿ ತಡೆಯುತ್ತದೆ, ಆಗಾಗ ಒರಸಬೇಕು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಬೆಲ್ಟು ನೋಡುವುದು ಎಂಜಿನ್ ನಿಂತ ಮೇಲೆಯೇ, ಓಡುವ ಬೆಲ್ಟಿಗೆ ಬೆರಳು ಕೊಟ್ಟವರನ್ನು ಕಂಡಿದ್ದೇನೆ. ಹ್ಯಾಂಡಲ್ ಹಾಕುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಿ. ಹಿಂದೆ ಒದ್ದರೆ ಕೈ ಜಾರಿ ಹೋಗುತ್ತದೆ, ಮುರಿಯುವುದಿಲ್ಲ.

ಕೆಲಸ ಇಲ್ಲದ ತಿಂಗಳುಗಳಲ್ಲಿ ಟಿಲ್ಲರನ್ನು ಸುಮ್ಮನೆ ದೂಡಿ ಇಡುವುದಲ್ಲ. ಹಳೆ ಎಣ್ಣೆಯ ಆಮ್ಲ ಒಳಗೆ ತಿನ್ನುತ್ತದೆ, ಆದ ಕಾರಣ ಹೊಸ ಎಣ್ಣೆ ಹಾಕಿ ಐದು ನಿಮಿಷ ಓಡಿಸಿ. ಕೂಲೆಂಟ್ ಇಲ್ಲದೆ ಬರೀ ನೀರಿದ್ದರೆ ತಣಿದ ಮೇಲೆ ಇಳಿಸಿ. ಟ್ಯಾಂಕ್ ತುಂಬಿಸಿ. ಹ್ಯಾಂಡಲನ್ನು ನಿಧಾನ ತಿರುಗಿಸುತ್ತಾ ಬಂದು ಬಿಗಿ ಸಿಕ್ಕಿದಲ್ಲಿ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವದ ಗಾಳಿ ಸಿಲಿಂಡರಿಗೆ ಹೋಗುವುದಿಲ್ಲ. ಸೈಲೆನ್ಸರಿನ ಬಾಯಿಗೆ ಒಂದು ಗೆರಟೆ ಕವುಚಿ, ಇಲಿ ಗೂಡು ಕಟ್ಟದ ಹಾಗೆ. ಮತ್ತೆ ಚಾಲೂ ಮಾಡುವ ಮೊದಲು ಗೆರಟೆ ತೆಗೆಯಬೇಕು, ನೀರು ತುಂಬಬೇಕು ಎಂದು ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ.