ವರ್ಷ ಕಳೆದ ಮೇಲೆ ಬರುವ ರಕ್ತ

ಪ್ರಶ್ನೆ: ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ 20 ದಿನ ಕರೆಂಟ್ ಕೊಡುತ್ತಾರಂತೆ. ಯಲಬುರ್ಗಾದ ನಮ್ಮ ಸೋದರಮಾವನಿಗೆ ಇದೇ ಚಿಕಿತ್ಸೆ ಆಗಿ ಒಂದೂವರೆ ವರ್ಷದ ಮೇಲೆ ಸಂಡಾಸದಲ್ಲಿ ರಕ್ತ ಶುರುವಾಗಿದೆ. ಅಪ್ಪನಿಗೂ ಹೀಗಾಗುತ್ತದೋ ಇಲ್ಲವೋ ಮೊದಲೇ ಗೊತ್ತಾಗುವುದಿಲ್ಲವೇ ಡಾಕ್ಟರೇ?
– ಓದುಗರು, ಗಂಗಾವತಿ

ಉತ್ತರ: ನಮ್ಮ ಕಡೆ ಕರೆಂಟ್ ಅನ್ನುವ ಈ ವಿಕಿರಣದಲ್ಲಿ ಶಾಕ್ ಹೊಡೆಯುವಂಥದ್ದೇನೂ ಇಲ್ಲ. ತಂಟೆಯೆಲ್ಲ ಜಾಗದ್ದು. ಪ್ರಾಸ್ಟೇಟಿನ ಬೆನ್ನಿಗೇ ಗುದನಾಳದ ಮುಂಗೋಡೆ ಇರುವುದರಿಂದ ಅದಕ್ಕೂ ಒಂದಿಷ್ಟು ಕಿರಣ ತಗಲುತ್ತದೆ. ಚಿಕಿತ್ಸೆಯ ದಿನಗಳ ಭೇದಿ, ಉರಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ನಿಮ್ಮ ಮಾವನಂತೆ ತಡವಾಗಿ ರಕ್ತ ಬರುವ ಬಗೆ ಬೇರೆ. ಆ ಗೋಡೆಯ ಸಣ್ಣ ರಕ್ತನಾಳಗಳು ನಿಧಾನಕ್ಕೆ ಕೆಟ್ಟು, ಮುಟ್ಟಿದರೆ ಒಡೆಯುವಂಥ ತೆಳು ನಾಳಗಳು ಹುಟ್ಟಿಕೊಳ್ಳುತ್ತವೆ. ಆರು ತಿಂಗಳಿಂದ ಮೂರು ವರ್ಷದೊಳಗೆ ಇದು ಕಾಣಿಸುವುದು ಹೆಚ್ಚು.

ಮೊದಲೇ ಹೇಳುವುದಾದರೆ ನೂರು ಜನರ ಬಗ್ಗೆ ಹೇಳಬಹುದು, ನಿಮ್ಮಪ್ಪನೊಬ್ಬರ ಬಗ್ಗೆ ಆಗದು. ಬ್ರಿಟನ್ನಿನ ‘ಚಿಪ್’ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 3,216 ಗಂಡಸರ ಪೈಕಿ 20 ದಿನದಲ್ಲಿ 60 ಗ್ರೇ (ಕಿರಣದ ಅಳತೆ) ಪಡೆದವರನ್ನು ನೋಡಿದರೆ, ಐದು ವರ್ಷದೊಳಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಂಥ ಕರುಳಿನ ತೊಂದರೆ ಕಂಡದ್ದು ನೂರಕ್ಕೆ ಸುಮಾರು 12 ಮಂದಿಯಲ್ಲಿ.

ಆ ಹನ್ನೆರಡರಲ್ಲಿ ಯಾರಿರಬಹುದು ಎಂಬುದಕ್ಕೆ ದೊಡ್ಡ ಸುಳಿವು ಪ್ಲಾನಿಂಗ್ ಫೈಲಿನ ಒಂದು ಗ್ರಾಫ್. ಗುದನಾಳದ ಎಷ್ಟು ಭಾಗಕ್ಕೆ ಎಷ್ಟು ಕಿರಣ ಬೀಳುತ್ತದೆಂದು ಅದರ ಗೆರೆ ಹೇಳುತ್ತದೆ. ಗೆರೆ ಬೇಗ ಕೆಳಗಿಳಿದಷ್ಟೂ ಒಳ್ಳೆಯದು. ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದಿನ ಹೊಟ್ಟೆ ಆಪರೇಷನ್ ಇವೆಲ್ಲ ಅಪಾಯ ಹೆಚ್ಚಿಸಬಲ್ಲವು. ಎಲ್ಲವನ್ನೂ ಮೊದಲೇ ಹೇಳಿ. ಚಿಕಿತ್ಸೆಯ ವಾರಗಳಲ್ಲೇ ಭೇದಿ ಜೋರಾದವರಿಗೆ ಮುಂದೆಯೂ ಸಾಧ್ಯತೆ ಜಾಸ್ತಿ. ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದಿನ್ನೂ ದಿನಬಳಕೆಗೆ ಬಂದಿಲ್ಲ.

ನಸುಕಿನ ಬಸ್ಸು ಹಿಡಿದು, ದಾರಿಯಲ್ಲಿ ಮೂತ್ರ ಬಂದೀತೆಂದು ನೀರೂ ಕುಡಿಯದೆ, ಸಂಡಾಸವನ್ನೂ ತಡೆದುಕೊಂಡು ಬಂದು ಮಷಿನ್ ಕೆಳಗೆ ಮಲಗುವ ಹಿರಿಯರನ್ನು ಬಹಳ ನೋಡಿದ್ದೇನೆ. ಆಗಬೇಕಾದದ್ದು ಸರಿಯಾಗಿ ಇದರ ಉಲ್ಟಾ: ಸಂಡಾಸ ಆಗಿರಬೇಕು, ಆಸ್ಪತ್ರೆಯವರು ಹೇಳಿದಷ್ಟು ನೀರು ಕುಡಿದು ಮೂತ್ರಚೀಲ ತುಂಬಿರಬೇಕು. ಮಲ, ಗ್ಯಾಸು ತುಂಬಿ ಉಬ್ಬಿದ ಗುದನಾಳ ಪ್ರಾಸ್ಟೇಟನ್ನು ಮುಂದಕ್ಕೆ ತಳ್ಳಿ, ತಾನೇ ಕಿರಣದೊಳಗೆ ಬಂದು ಕೂರುತ್ತದೆ. ಕೈಲಾದರೆ ಅಷ್ಟೂ ದಿನ ಹುಬ್ಬಳ್ಳಿಯಲ್ಲೇ ಒಂದು ರೂಮು ಮಾಡಿ.

ಇನ್ನು ಮಾವ. ‘ಮೂಲವ್ಯಾಧಿಗೆ ಒಂದೇ ಇಂಜೆಕ್ಷನ್’ ಎಂಬ ಬೋರ್ಡಿನ ಕಡೆ ಅವರು ಹಾಯದಂತೆ ನೋಡಿಕೊಳ್ಳಿ. ವಿಕಿರಣ ತಾಗಿದ ಗೋಡೆಯ ಗಾಯ ಸುಲಭಕ್ಕೆ ಮಾಯುವುದಿಲ್ಲ. ರಕ್ತಕ್ಕೆ ಬೇರೆ ಕಾರಣ ಇದೆಯೇ ಎಂದು ಕೊಲೊನೋಸ್ಕೋಪಿ ಮಾಡಿಸಲೇಬೇಕು. ಮಾಡುವವರಿಗೆ ಮೊದಲು ಹೇಳಬೇಕಾದ ಮಾತು ‘ಕರೆಂಟ್ ಆಗಿದೆ’ ಎಂಬುದು. ಮುಂಗೋಡೆಯಿಂದ ತುಣುಕು ತೆಗೆದರೆ ಕೆಲವೊಮ್ಮೆ ತೂತೇ ಬೀಳುವುದುಂಟು. ಅಲ್ಪಸ್ವಲ್ಪ ರಕ್ತ ಎಷ್ಟೋ ಸಲ ತಾನಾಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಸುಕ್ರಾಲ್ಫೇಟ್ ಎನಿಮಾ ಇದೆ, ಆರ್ಗಾನ್ ಗ್ಯಾಸಿನಿಂದ ಸುಡುವ ಚಿಕಿತ್ಸೆ ಇದೆ.

ಪ್ರಶ್ನೆ: ಕರೆಂಟ್ ಆದವರು ಖಾರ ಪೂರ್ತಿ ಬಿಡಬೇಕೇ?
– ಓದುಗರು, ಕುಷ್ಟಗಿ

ಉತ್ತರ: ಈ ರಕ್ತ ಖಾರದಿಂದ ಬರುವುದಲ್ಲ. ಭೇದಿ, ಉರಿ ಇರುವ ವಾರಗಳಲ್ಲಿ ಕೆಂಪು ಚಟ್ನಿ ದೂರ ಇಡಿ, ಮಜ್ಜಿಗೆ ಅನ್ನ ಉಣ್ಣಿ. ಹೊಟ್ಟೆ ಸರಿಹೋದ ಮೇಲೆ ಗವಿಮಠದ ಜಾತ್ರೆಯಲ್ಲಿ ಎರಡು ಮಿರ್ಚಿ ತಿಂದರೆ ನನ್ನ ತಕರಾರಿಲ್ಲ.