ಡಿಸ್ಕೋ, ಸ್ಟ್ರೀಮಿಂಗೋ? ಒಂದು ಮದುವೆ ಡಿವಿಡಿ ಕಲಿಸಿದ ಲೆಕ್ಕ

ಕಳೆದ ದೀಪಾವಳಿ ರಜೆಯಲ್ಲಿ ನಾವು ನಾಲ್ಕು ಮಂದಿ ಲಕ್ಷ್ಮೇಶ್ವರದಲ್ಲಿ ಸೇರಿದ್ವಿ. ನಮ್ಮಲ್ಲಿ ಒಬ್ಬರು ಬೆಟಗೇರಿಯವರು, ಒಬ್ಬರು ಶಿರಹಟ್ಟಿ, ಒಬ್ಬರು ಮುಂಡರಗಿ. ಹೋಗಿದ್ದು ನಾಲ್ಕನೆಯ ಗೆಳತಿಯ ಮನೆಗೆ. ಊಟ ಆದಮೇಲೆ ಟಿವಿ ಮುಂದೆ ಕೂತು ಯಾವ ಸಿನಿಮಾ ಹಚ್ಚೋದು ಅಂತ ನಮ್ಮ ಜಗಳ ನಡೆದಿತ್ತು. ಅಷ್ಟರಲ್ಲಿ ಅವಳ ಅಜ್ಜಿ ಕೇಳಿದ್ರು:

"ಈ ಟಿವ್ಯಾಗ ಎಲ್ಲಾ ಬರ್ತೈತಿ ಅಂತೀರಲ್ಲ, ನಿಮ್ಮ ಅತ್ತಿ ಮದುವಿ ಬರ್ತೈತೇನು ನೋಡವಾ. ನಿಮ್ಮಜ್ಜ ಮೈಕಿನಾಗ ಮಾತಾಡಿದ್ದು ಅದರಾಗ ಐತಿ."

ಮದುವೆ ಆಗಿದ್ದು 2009ರಲ್ಲಿ. ಅಜ್ಜ ಈಗಿಲ್ಲ. ಅವರ ದನಿ ಇರೋದು ಆ ಒಂದೇ ಡಿವಿಡಿಯಲ್ಲಿ. ಟ್ರಂಕಿನಿಂದ ಅದನ್ನ ಹುಡುಕಿ ತೆಗೆದು, ಧೂಳು ಹಿಡಿದ ಪ್ಲೇಯರ್‌ಗೆ ಹಾಕಿದ್ವಿ. ಇಪ್ಪತ್ತು ನಿಮಿಷ ಚೆನ್ನಾಗಿ ಓಡ್ತು. ಆಮೇಲೆ ಚಿತ್ರ ಚೌಕ ಚೌಕ ಆಗಿ ನಿಂತೇಬಿಡ್ತು. ಅಜ್ಜ ಇನ್ನೂ ಮೈಕ್ ಹಿಡಿದಿರಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ಡಿಸ್ಕು ಒಳ್ಳೇದೋ ಸ್ಟ್ರೀಮಿಂಗ್ ಒಳ್ಳೇದೋ ಅಂತ ನಾವು ಹಾಸ್ಟೆಲಿನಲ್ಲಿ ದಿನಾ ವಾದ ಮಾಡೋರು, ಆದರೆ ಎರಡೂ ಹೇಗೆ ಕೆಲಸ ಮಾಡ್ತವೆ ಅಂತ ಸರಿಯಾಗಿ ಓದಿರಲಿಲ್ಲ. ಓದಿದ್ದನ್ನ ಇಲ್ಲಿ ಬರೀತಾ ಇದ್ದೀವಿ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೆಯೋದು ಇದೇ ಮೊದಲು. ತಪ್ಪಿದ್ರೆ ತಿದ್ದಿ.

ಡಿಸ್ಕಿನ ಮೇಲೆ ಎಷ್ಟು ಹಿಡೀತದೆ?

ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ನೋಡೋಕೆ ಒಂದೇ ಥರ. 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆ. ಆದರೆ ಸಿಡಿಯಲ್ಲಿ ಸುಮಾರು 700 ಎಂಬಿ, ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ, ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ ಹಿಡೀತದೆ. ಅಷ್ಟೇ ಜಾಗದಲ್ಲಿ ಇಷ್ಟು ವ್ಯತ್ಯಾಸ ಹೇಗೆ?

ಉತ್ತರ ಮೊದಲ ವರ್ಷದ ಫಿಸಿಕ್ಸ್‌ನಲ್ಲೇ ಇದೆ. ಲೇಸರ್ ಬೆಳಕನ್ನ ಲೆನ್ಸಿನಿಂದ ಒಂದು ಚುಕ್ಕೆಗೆ ಇಳಿಸ್ತೀವಿ. ಆ ಚುಕ್ಕೆ ಎಷ್ಟು ಸಣ್ಣದು ಅನ್ನೋದು ಬೆಳಕಿನ ತರಂಗಾಂತರವನ್ನ ಲೆನ್ಸಿನ ನ್ಯೂಮರಿಕಲ್ ಅಪರ್ಚರ್‌ನಿಂದ ಭಾಗಿಸಿದಷ್ಟಕ್ಕೆ ಅನುಪಾತದಲ್ಲಿ ಇರ್ತದೆ.

ಸಿಡಿ: 780 ÷ 0.45 = ಸುಮಾರು 1733
ಡಿವಿಡಿ: 650 ÷ 0.60 = ಸುಮಾರು 1083
ಬ್ಲೂ-ರೇ: 405 ÷ 0.85 = ಸುಮಾರು 476

ಡಿವಿಡಿಯ ಚುಕ್ಕೆ ಬ್ಲೂ-ರೇ ಚುಕ್ಕೆಗಿಂತ 2.27 ಪಟ್ಟು ಅಗಲ. ಜಾಗದ ಲೆಕ್ಕಕ್ಕೆ ಅದರ ವರ್ಗ ತಗೊಂಡ್ರೆ ಸುಮಾರು 5.2 ಪಟ್ಟು. ಈಗ 4.7 ಜಿಬಿಯನ್ನ 5.2ರಿಂದ ಗುಣಿಸಿ: 24.4 ಜಿಬಿ. ಬ್ಲೂ-ರೇ ಪದರದ 25 ಜಿಬಿಗೆ ಹತ್ತಿರ ಬಂತು! ಈ ಲೆಕ್ಕ ಕೂಡಿದಾಗ ರಾತ್ರಿ ಹನ್ನೊಂದಕ್ಕೆ ರೂಮಿನಲ್ಲಿ ಚಪ್ಪಾಳೆ ಬಿತ್ತು. (ಸಿಡಿಯಿಂದ ಡಿವಿಡಿಗೆ ಹೀಗೆ ನೇರ ಕೂಡಲ್ಲ. ಅಲ್ಲಿ ಡಾಟಾ ಬರೆಯೋ ವಿಧಾನ, ಎರರ್ ಕರೆಕ್ಷನ್ ಕೂಡ ಸುಧಾರಿಸಿದವು.) ನೀಲಿ-ನೇರಳೆ ಲೇಸರ್ ಬಳಸೋದಕ್ಕೇ ಇದಕ್ಕೆ ಬ್ಲೂ-ರೇ ಅಂತ ಹೆಸರು.

ಸಿನಿಮಾ ಎಷ್ಟು ಭಾರ?

ಫುಲ್ ಎಚ್‌ಡಿ ಅಂದ್ರೆ 1920 × 1080 ಪಿಕ್ಸೆಲ್. ಸೆಕೆಂಡಿಗೆ 24 ಫ್ರೇಮ್. ವಿಡಿಯೋದಲ್ಲಿ ಬಣ್ಣದ ಮಾಹಿತಿಯನ್ನ ಸ್ವಲ್ಪ ಕಡಿಮೆ ಮಾಡಿ ಇಟ್ಟರೂ ಒಂದು ಪಿಕ್ಸೆಲ್‌ಗೆ ಸರಾಸರಿ 12 ಬಿಟ್ ಬೇಕು. ಗುಣಿಸಿದ್ರೆ ಸೆಕೆಂಡಿಗೆ ಸುಮಾರು 597 ಮೆಗಾಬಿಟ್. ಎರಡೂವರೆ ತಾಸಿನ ಸಿನಿಮಾಕ್ಕೆ ಸುಮಾರು 670 ಜಿಬಿ! ಇಷ್ಟನ್ನ ಯಾರೂ ಇಟ್ಟುಕೊಳ್ಳೋಕೆ ಆಗಲ್ಲ, ಕಳಿಸೋಕೂ ಆಗಲ್ಲ. ಹಾಗಾಗಿ ಕಂಪ್ರೆಷನ್.

ಕಂಪ್ರೆಷನ್ ಅರ್ಥ ಆಗಬೇಕಂದ್ರೆ ಬೆಟಗೇರಿಯ ಮಗ್ಗ ನೆನಪು ಮಾಡ್ಕೊಳ್ಳಿ. ಸೀರೆಯ ಅಂಚಿನ ಹೂವನ್ನ ನೇಕಾರರು ಪ್ರತಿ ಸಲ ಹೊಸದಾಗಿ ಯೋಚಿಸಿ ನೇಯಲ್ಲ. ಡಿಸೈನ್ ಒಂದು, ಅದೇ ಮತ್ತೆ ಮತ್ತೆ ಬರ್ತದೆ. ಕೋಡೆಕ್ ಮಾಡೋದೂ ಇದನ್ನೇ: ಒಂದು ಫ್ರೇಮ್ ಪೂರ್ತಿ ಇಟ್ಟು, ಮುಂದಿನ ಫ್ರೇಮ್‌ಗಳಲ್ಲಿ "ಏನು ಬದಲಾಯ್ತು" ಅನ್ನೋದನ್ನಷ್ಟೇ ಬರೀತದೆ. ಕ್ಯಾಮೆರಾ ನಿಂತಿದ್ದು ಇಬ್ಬರು ಮಾತಾಡ್ತಿದ್ರೆ ಕೆಲಸ ಸುಲಭ. ಮಳೆಗಾಲದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿ ಬೀಸಿ ಸಾವಿರ ಎಲೆ ಒಟ್ಟಿಗೆ ಅಲುಗಾಡೋ ಶಾಟ್ ಇದ್ರೆ ಕಷ್ಟ. ಎಲ್ಲವೂ ಬದಲಾಗ್ತದೆ, ಬರೆಯೋದು ಜಾಸ್ತಿ. ಬಿಟ್ ಸಾಲದೆ ಹೋದ್ರೆ ಎಲೆಗಳು ಹಸಿರು ಮುದ್ದೆ ಆಗ್ತವೆ. ಕತ್ತಲೆ ದೃಶ್ಯದಲ್ಲಿ ಗೋಡೆಯ ಮೇಲೆ ಪಟ್ಟಿ ಪಟ್ಟಿ ಕಾಣೋದಕ್ಕೂ ಹೆಚ್ಚಿನ ಸಲ ಇದೇ ಕಾರಣ.

ಈಗ ಹೋಲಿಸೋಣ. ಬ್ಲೂ-ರೇಯಲ್ಲಿ ವಿಡಿಯೋ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗಬಹುದು. ಲೆಕ್ಕಕ್ಕೆ 30 ಅಂತ ಹಿಡೀರಿ. ಅಂದ್ರೆ ಮೂಲದ 20ರಲ್ಲಿ ಒಂದು ಭಾಗ ಉಳೀತು. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ನೆಟ್ ಇದ್ರೆ ಸಾಕು ಅಂತದೆ. 5ಕ್ಕೆ ಇಳಿಸಿದ್ರೆ ಉಳಿಯೋದು 120ರಲ್ಲಿ ಒಂದು ಭಾಗ. ಹಂಗಂತ ಸ್ಟ್ರೀಮಿಂಗ್ ಚಿತ್ರ ಆರು ಪಟ್ಟು ಕೆಟ್ಟದು ಅಂತಲ್ಲ. ಎಚ್‌ಇವಿಸಿ, ಎವಿ1 ಥರದ ಹೊಸ ಕೋಡೆಕ್‌ಗಳು ಹಳೆಯ ಎಚ್.264ಕ್ಕೆ ಬೇಕಾದುದರ ಸುಮಾರು ಅರ್ಧ ಬಿಟ್‌ನಲ್ಲೇ ಅದೇ ಗುಣಮಟ್ಟ ಕೊಡಬಲ್ಲವು. ಆರು ಇಂಚಿನ ಫೋನಿನಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ದೊಡ್ಡ ಟಿವಿಯಲ್ಲಿ, ಕತ್ತಲೆ ದೃಶ್ಯದಲ್ಲಿ ಗೊತ್ತಾಗ್ತದೆ.

ಸೌಂಡ್‌ನಲ್ಲೂ ಹಾಗೇ. ಬ್ಲೂ-ರೇಯಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಇದ್ರೆ ಒಂದು ಬಿಟ್ಟೂ ಕಳೆಯದ ಸೌಂಡ್ ಸಿಗ್ತದೆ. ಆದರೆ ಟಿವಿಯ ಸಣ್ಣ ಸ್ಪೀಕರ್‌ನಲ್ಲೇ ಕೇಳೋದಾದ್ರೆ ಅದಕ್ಕೆ ದುಡ್ಡು ಹಾಕೋದು ದಂಡ.

ಒಂದು ಎಚ್ಚರಿಕೆ: "ಡಿಸ್ಕು ಯಾವಾಗಲೂ ಮೇಲು" ಅನ್ನೋದು ಸುಳ್ಳು. ನಮ್ಮ ಕಡೆಯ ಡಿವಿಡಿಯಲ್ಲಿ ಇರೋದು 720 × 576 ಪಿಕ್ಸೆಲ್. ಫುಲ್ ಎಚ್‌ಡಿಯಲ್ಲಿ ಸರಿಯಾಗಿ ಅದರ ಐದು ಪಟ್ಟು. ವಿಸಿಡಿಯಲ್ಲಂತೂ 352 × 288. ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿ ಮನೆ ಮನೆಗೆ ಸಿನಿಮಾ ಮುಟ್ಟಿಸಿತ್ತು. ಆ ಡಿಸ್ಕಿಗಿಂತ ಇವತ್ತಿನ ಒಳ್ಳೆಯ ಸ್ಟ್ರೀಮ್ ಎಷ್ಟೋ ಮೇಲು. ಕನ್ನಡ ಸಿನಿಮಾ ಬ್ಲೂ-ರೇಯಲ್ಲಿ ಬಂದದ್ದು ಬಹಳ ಕಡಿಮೆ ಅನ್ನೋದನ್ನೂ ಒಪ್ಪಲೇಬೇಕು.

ಸ್ಟ್ರೀಮಿಂಗ್‌ನ ಜಾಣತನ, ಮುಂಡರಗಿ ಬಸ್ಸಿನ ತಾಕತ್ತು

ಸ್ಟ್ರೀಮಿಂಗ್‌ನಲ್ಲಿ ಸಿನಿಮಾವನ್ನ ಕೆಲವು ಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರ್ತಾರೆ. ಹಿಂದಿನ ತುಂಡು ಎಷ್ಟು ಬೇಗ ಬಂತು, ಬಫರ್‌ನಲ್ಲಿ ಎಷ್ಟು ಉಳಿದಿದೆ ಅಂತ ಆಪ್ ಅಳೆದು, ಮುಂದಿನ ತುಂಡು ಯಾವುದು ಬೇಕು ಅಂತ ಕೇಳ್ತದೆ. ಇದಕ್ಕೆ ಅಡಾಪ್ಟಿವ್ ಬಿಟ್‌ರೇಟ್ ಅಂತಾರೆ. ಸಂಜೆ ಹಾಸ್ಟೆಲಿನಲ್ಲಿ ಎಲ್ಲರೂ ವೈಫೈ ಹಿಡಿದಾಗ ಸಿನಿಮಾ ನಿಲ್ಲಲ್ಲ, ಮಂಕಾಗ್ತದೆ ಅಷ್ಟೇ. ಇನ್ನೊಂದು ವಿಷಯ: ನಿಮ್ಮ ಫೋನಿನಲ್ಲಿ ವೈಡ್‌ವೈನ್ ಎಲ್1 ಇಲ್ಲದೆ ಎಲ್3 ಮಾತ್ರ ಇದ್ರೆ, ನೆಟ್ ಎಷ್ಟೇ ಜೋರಿದ್ರೂ ಬಹಳಷ್ಟು ಆಪ್‌ಗಳು ಎಚ್‌ಡಿ ಕೊಡಲ್ಲ.

ಈಗ ನಮ್ಮ ಡಾಟಾ ಪ್ಯಾಕಿನ ಲೆಕ್ಕ. ದಿನಕ್ಕೆ 2 ಜಿಬಿ ಅಂದ್ರೆ 16,000 ಮೆಗಾಬಿಟ್. ಅದನ್ನ 5ರಿಂದ ಭಾಗಿಸಿದ್ರೆ 3,200 ಸೆಕೆಂಡ್, ಅಂದ್ರೆ 53 ನಿಮಿಷ. ಇಂಟರ್‌ವಲ್ ಕೂಡ ಆಗಿರಲ್ಲ! ಪ್ಯಾಕ್ ಮುಗಿದ ಮೇಲೆ ಸಿಗೋ 64 ಕೆಬಿಪಿಎಸ್‌ನಲ್ಲಿ 5.6 ಜಿಬಿಯ ಒಂದು ಸಿನಿಮಾ ಇಳಿಸೋಕೆ ಎಂಟು ದಿನ ಬೇಕು.

ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕ ಬರೆದ ಟ್ಯಾನೆನ್‌ಬಾಮ್ ಟೇಪು ತುಂಬಿದ ಕಾರಿನ ಲೆಕ್ಕ ಹಾಕಿದ್ದಾರೆ. ನಾವು ಅದನ್ನ ನಮ್ಮ ಊರಿಗೆ ತಂದ್ವಿ. ಗದಗದಿಂದ ಮುಂಡರಗಿಗೆ ಬಸ್ಸಿಗೆ ಒಂದು ತಾಸು ಅಂತ ಹಿಡೀರಿ. ಬ್ಯಾಗಿನಲ್ಲಿ 50 ಜಿಬಿಯ 20 ಬ್ಲೂ-ರೇ ಡಿಸ್ಕು. ಒಟ್ಟು 1,000 ಜಿಬಿ, 3,600 ಸೆಕೆಂಡಿನಲ್ಲಿ. ಅಂದ್ರೆ ಸೆಕೆಂಡಿಗೆ ಸುಮಾರು 2.2 ಗಿಗಾಬಿಟ್. ಕೆಂಪು ಬಸ್ಸು ನಮ್ಮ ಯಾರ ಮನೆಯ ನೆಟ್‌ಗಿಂತಲೂ ಫಾಸ್ಟ್! ಆದರೆ ಮೊದಲ ಬಿಟ್ ಮುಟ್ಟೋಕೇ ಒಂದು ತಾಸು ಕಾಯಬೇಕು. ಬ್ಯಾಂಡ್‌ವಿಡ್ತ್ ಬೇರೆ, ಲೇಟೆನ್ಸಿ ಬೇರೆ ಅಂತ ನಮಗೆ ಕ್ಲಾಸಿಗಿಂತ ಈ ಬಸ್ಸಿನಿಂದಲೇ ಚೆನ್ನಾಗಿ ಗೊತ್ತಾಯ್ತು.

ನಮ್ಮದು ಅನ್ನೋದು ಯಾವುದು?

ಸ್ಟ್ರೀಮಿಂಗ್‌ನಲ್ಲಿ ನಾವು ಸಿನಿಮಾ ಕೊಳ್ಳಲ್ಲ, ನೋಡೋ ಅನುಮತಿ ಕೊಳ್ತೀವಿ. ಆಪ್‌ನವರ ಮತ್ತು ನಿರ್ಮಾಪಕರ ಒಪ್ಪಂದ ಮುಗಿದ್ರೆ ಸಿನಿಮಾ ಲಿಸ್ಟಿನಿಂದ ಹೋಗ್ತದೆ. ಡಿಸ್ಕು ಕಪಾಟಿನಲ್ಲಿ ಇರ್ತದೆ.

ಉಳಿಸದೆ ಹೋದ್ರೆ ಏನಾಗ್ತದೆ ಅನ್ನೋದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನಾ'. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ನಟಿಸಿದ್ರು. ಇವತ್ತು ಅದರ ಪ್ರಿಂಟ್ ಸಿಗಲ್ಲ. ನಮ್ಮ ಭಾಷೆ ಪರದೆ ಮೇಲೆ ಮೊದಲ ಸಲ ಮಾತಾಡಿದ್ದನ್ನ ನಾವು ಕೇಳೋ ಹಾಗಿಲ್ಲ. ಇದಕ್ಕೆ ಎದುರು ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ನೋಡಿ. ಮೂಲ ನೆಗೆಟಿವ್ ಉಳಿದಿದ್ದರಿಂದ ಅದನ್ನ 4ಕೆಯಲ್ಲಿ ರಿಸ್ಟೋರ್ ಮಾಡೋಕಾಯ್ತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು.

ಇತ್ತ ಡಿಸ್ಕಿನ ಕಾಲವೂ ಮುಗೀತಾ ಬಂದಿದೆ. ಅಂಚೆಯಲ್ಲಿ ಡಿವಿಡಿ ಕಳಿಸ್ತಾ ಶುರುವಾದ ನೆಟ್‌ಫ್ಲಿಕ್ಸ್ ಆ ಸೇವೆಯನ್ನ 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಸೋನಿ 2025ರ ಫೆಬ್ರವರಿಯಲ್ಲಿ ಖಾಲಿ ಬ್ಲೂ-ರೇ ಡಿಸ್ಕು ತಯಾರಿಸೋದನ್ನ ಬಿಟ್ಟಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಹುಡುಕಿದ್ರೂ ಸಿಗಲ್ಲ.

ಒತ್ತಿದ ಡಿಸ್ಕು, ಬರೆದ ಡಿಸ್ಕು

ಹಾಗಾದ್ರೆ ಅಜ್ಜಿಯ ಡಿವಿಡಿ ಯಾಕೆ ಕೈಕೊಡ್ತು? ಅದೇ ಟ್ರಂಕಿನಲ್ಲಿದ್ದ ಸಿನಿಮಾ ಡಿವಿಡಿಗಳು ಇನ್ನೂ ಓಡ್ತಿದ್ವು.

ಗದಗ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಹೆಸರಾದ ಊರು, ಉದಾಹರಣೆ ಅಲ್ಲಿಂದಲೇ ತಗೊಳ್ಳೋಣ. ಅಂಗಡಿಯ ಸಿನಿಮಾ ಡಿಸ್ಕು ಪ್ರೆಸ್ಸಿನಲ್ಲಿ ಒತ್ತಿದ ಹಾಗೆ: ಅಚ್ಚಿನಿಂದ ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಸಣ್ಣ ಗುಳಿ ಮೂಡಿಸಿ, ಮೇಲೆ ಅಲ್ಯೂಮಿನಿಯಂ ಲೇಪಿಸಿರ್ತಾರೆ. ಮದುವೆ ಡಿಸ್ಕು ಶಾಯಿಯಿಂದ ಕೈಯಲ್ಲಿ ಬರೆದ ಹಾಗೆ: ಒಳಗೆ ಒಂದು ಸಾವಯವ ಬಣ್ಣದ ಪದರ ಇರ್ತದೆ, ಲೇಸರ್ ಅದನ್ನ ಸುಟ್ಟು ಗುರುತು ಮಾಡ್ತದೆ. ಬಿಸಿಲು, ಸೆಕೆಗೆ ಆ ಬಣ್ಣ ಮಾಸ್ತದೆ. ನಮ್ಮ ಬೇಸಿಗೆ, ತಗಡಿನ ಟ್ರಂಕು, ಹದಿನೈದು ವರ್ಷ. ಎರರ್ ಕರೆಕ್ಷನ್‌ಗೂ ಒಂದು ಮಿತಿ ಇರ್ತದೆ.

ಡಿಸೆಂಬರ್‌ನಲ್ಲಿ ಆ ಡಿಸ್ಕನ್ನ ಬೆಟಗೇರಿಗೆ ತಂದ್ವಿ. ಗೆಳೆಯನ ಮನೆಯಲ್ಲಿ ಡಿವಿಡಿ ಡ್ರೈವ್ ಇರೋ ಹಳೇ ಡೆಸ್ಕ್‌ಟಾಪ್ ಇತ್ತು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಿದ್ವಿ (ಸುತ್ತ ಸುತ್ತ ಒರೆಸಬಾರದು, ಗೀರು ಬಿದ್ರೆ ಅದು ಡಾಟಾದ ಸಾಲಿನ ಉದ್ದಕ್ಕೇ ಬೀಳ್ತದೆ). ಲಿನಕ್ಸ್ ಹಾಕಿ ಡಿಡಿರೆಸ್ಕ್ಯೂ ಅನ್ನೋ ಉಚಿತ ಪ್ರೋಗ್ರಾಂ ಓಡಿಸಿದ್ವಿ. ಅದು ಮೊದಲು ಓದೋಕೆ ಬರೋದನ್ನೆಲ್ಲ ಎತ್ತಿಕೊಳ್ತದೆ, ಆಮೇಲೆ ಕೆಟ್ಟ ಜಾಗಕ್ಕೆ ವಾಪಸ್ ಬಂದು ಮತ್ತೆ ಮತ್ತೆ ಪ್ರಯತ್ನ ಮಾಡ್ತದೆ. ಎಲ್ಲಿ ಸಿಕ್ತು, ಎಲ್ಲಿ ಸಿಗಲಿಲ್ಲ ಅಂತ ಒಂದು ಮ್ಯಾಪ್ ಫೈಲ್ ಇಡ್ತದೆ. ಅದನ್ನಿಟ್ಟುಕೊಂಡು ಬೇರೆ ಡ್ರೈವ್‌ನಲ್ಲಿ ಮುಂದುವರಿಸಬಹುದು. ಒಂದು ಡ್ರೈವ್ ಓದದೇ ಇದ್ದದ್ದನ್ನ ಇನ್ನೊಂದು ಓದ್ತದೆ, ಇದು ನಮಗೆ ಹೊಸ ಪಾಠ.

ಎರಡು ರಾತ್ರಿ, ಎರಡು ಡ್ರೈವ್. 4.3 ಜಿಬಿಯಲ್ಲಿ 36 ಎಂಬಿ ಬರಲೇ ಇಲ್ಲ. ಎರಡು ತಾಸಿನ ವಿಡಿಯೋದಲ್ಲಿ ಅದು ಸುಮಾರು ಒಂದು ನಿಮಿಷ. ಆ ಒಂದು ನಿಮಿಷದ ಸ್ವಲ್ಪ ಭಾಗ ಅಜ್ಜನ ಮಾತಿನ ನಡುವೆಯೇ ಬಿದ್ದಿತ್ತು. ಅಜ್ಜ ಬೀಗರ ಹೆಸರು ಹೇಳ್ತಾರೆ, ಚಿತ್ರ ಒಡೀತದೆ, ಮತ್ತೆ ದನಿ ಬರೋ ಹೊತ್ತಿಗೆ ಎಲ್ಲರೂ ನಗ್ತಿರ್ತಾರೆ. ಏನು ಹೇಳಿ ನಗಿಸಿದ್ರು ಅಂತ ಅಜ್ಜಿಗೂ ನೆನಪಿಲ್ಲ. "ಇಷ್ಟರೆ ಸಿಕ್ತಲ್ಲವಾ" ಅಂದು ಅವರು ಮತ್ತೊಮ್ಮೆ ಹಚ್ಚೋಕೆ ಹೇಳಿದ್ರು. ಐದು ವರ್ಷದ ಹಿಂದೆ ಕಾಪಿ ಮಾಡಿದ್ರೆ ಆ ಮಾತೂ ಸಿಕ್ತಿತ್ತೇನೋ ಅಂತ ನಮಗೆ ಈಗಲೂ ಅನಿಸ್ತದೆ.

ಕೊನೆಗೆ ನಮ್ಮ ತೀರ್ಮಾನ

1. ಒಮ್ಮೆ ನೋಡಿ ಬಿಡೋ ಸಿನಿಮಾಕ್ಕೆ ಸ್ಟ್ರೀಮಿಂಗ್ ಸಾಕು. ಸಾಧ್ಯ ಇದ್ರೆ ವೈಫೈ ಇದ್ದಾಗ ಡೌನ್‌ಲೋಡ್ ಮಾಡಿಟ್ಟು ನೋಡಿ.

2. ದೊಡ್ಡ ಟಿವಿ, ಒಳ್ಳೆ ಸ್ಪೀಕರ್ ಇದ್ದು, ಮತ್ತೆ ಮತ್ತೆ ನೋಡೋ ಸಿನಿಮಾ ಬ್ಲೂ-ರೇಯಲ್ಲಿ ಸಿಕ್ರೆ ತಗೊಳ್ಳಿ. ಕೊಳ್ಳೋ ಮುಂಚೆ ರೀಜನ್ ನೋಡಿ: ಭಾರತಕ್ಕೆ ಬ್ಲೂ-ರೇ ರೀಜನ್ ಸಿ, ಡಿವಿಡಿ ರೀಜನ್ 5.

3. ಹಳೇ ಕನ್ನಡ ಸಿನಿಮಾದ ಡಿಸ್ಕು ಮನೆಯಲ್ಲಿದ್ರೆ ಗುಜರಿಗೆ ಹಾಕೋ ಮುಂಚೆ, ಅದು ಬೇರೆ ಎಲ್ಲಾದ್ರೂ ಸಿಗ್ತದಾ ನೋಡಿ.

4. ಮನೆಯ ಮದುವೆ, ಸೀಮಂತ, ಜಾತ್ರೆಯ ಡಿಸ್ಕುಗಳನ್ನ ಈಗಲೇ ಕಾಪಿ ಮಾಡಿ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. (ಕೊಂಡ ಸಿನಿಮಾ ಕಾಪಿ ಮಾಡಿ ಹಂಚೋದು ಬೇರೆ ಮಾತು. ಅದಕ್ಕೆ ಕಾನೂನು ಒಪ್ಪಲ್ಲ.)

ಮನೆಲೆಕ್ಕ: ನಿಮ್ಮ ಹತ್ರ ಇರೋ ಯಾವುದಾದ್ರೂ ವಿಡಿಯೋ ಫೈಲ್ ತಗೊಳ್ಳಿ. ಎಂಬಿಯಲ್ಲಿ ಇರೋ ಅಳತೆಯನ್ನ 8ರಿಂದ ಗುಣಿಸಿ, ಒಟ್ಟು ಸೆಕೆಂಡಿನಿಂದ ಭಾಗಿಸಿ. ಬಂದದ್ದು ಅದರ ಸರಾಸರಿ ಎಂಬಿಪಿಎಸ್. 597ರಲ್ಲಿ ಅದು ಎಷ್ಟನೇ ಭಾಗ ಅಂತ ನೋಡಿ, ಕನ್ನಡ ಸಂಘದ ಗ್ರೂಪಿನಲ್ಲಿ ಹಾಕಿ.

ಈ ಶನಿವಾರ ಊರಿಗೆ ಹೋಗೋರು ಟ್ರಂಕು, ಕಪಾಟು ಒಮ್ಮೆ ತೆಗೆದು ನೋಡ್ರಿ. ಡಿಸ್ಕು ಸಿಕ್ರೆ ತಗೊಂಡು ಬರ್ರಿ. ಬೆಟಗೇರಿಯ ಆ ಹಳೇ ಡೆಸ್ಕ್‌ಟಾಪ್ ಇನ್ನೂ ಓಡ್ತದೆ, ಕಾಪಿ ಮಾಡಿಕೊಡೋಕೆ ನಾವಿದ್ದೀವಿ.